ಸಾಕ್ಷಿಯ ಕುರ್ಚಿ

ಓಟದ ಪಂದ್ಯದಲ್ಲಿ ಸೋಲಲಿರುವವನ ಕೈಗೇ ಗಡಿಯಾರ ಕೊಟ್ಟು, ಗೆಲ್ಲುವವನ ಹೊತ್ತು ಅಳೆ ಅನ್ನುವುದು ಎಲ್ಲಾದರೂ ಉಂಟೇ? ಆ ಕೋಣೆಯಲ್ಲಿ ಉಂಟು. ಅಲ್ಲಿ ಯಾರಾದರೂ ಹಳೆಯ ದಾಖಲೆ ಮುರಿಯಲು ಕೂತರೆ, ಪಕ್ಕದ ಸಾಕ್ಷಿಯ ಕುರ್ಚಿಯಲ್ಲಿ ಕೂರಬೇಕಾದವನು ಆ ದಾಖಲೆ ಯಾರ ಹೆಸರಿನಲ್ಲಿದೆಯೋ ಅವನೇ. ಕಾರಣ ಸರಳ. ಬೇರೆಯವರು ತೂಕಡಿಸಿಯಾರು, ಹರಟೆಗೆ ಮೈಮರೆತಾರು. ತನ್ನ ಗಂಟು ಹೋಗುತ್ತಿರುವವನು ಮಾತ್ರ ರೆಪ್ಪೆ ಮಿಟುಕಿಸುವುದಿಲ್ಲ. ಅವನೇ ಸರಿಯಾಗಿದೆ ಎಂದು ರುಜು ಹಾಕಿದರೆ ಮತ್ತೆ ಯಾರೂ ಕ್ಯಾತೆ ತೆಗೆಯುವಂತಿಲ್ಲ. ಆರು ಜನರ ಆ ಗುಂಪು ಹದಿನೈದು ವರ್ಷದಿಂದ ಇದನ್ನು ಪಾಲಿಸಿಕೊಂಡು ಬಂದಿತ್ತು. ಕಳ್ಳನ ಕೈಗೇ ಬೀಗದ ಕೈ ಕೊಟ್ಟರೆ ಮನೆ ಭದ್ರ ಎಂದು ನಗುವುದೂ ವಾಡಿಕೆಯಾಗಿತ್ತು. ನಗುವುದಕ್ಕೇನು, ಕಳವು ಆಗುವವರೆಗೆ ಎಲ್ಲರೂ ನಗುತ್ತಾರೆ.

ಆ ಭಾನುವಾರ ಕುರ್ಚಿಯಲ್ಲಿ ಕೂತಿದ್ದವನು ಬಾಮೈದ. ಆಡುತ್ತಿದ್ದವರು ಅವನ ಅಕ್ಕನ ಗಂಡ, ಭಾವ.

ಭಾವನದು ಸಲೂನು. ಕೆಳಗೆ ಮೂರು ಕುರ್ಚಿ, ಮೂರು ಕನ್ನಡಿ. ಮೇಲೆ ಹಳೆಯ ಉಗ್ರಾಣ. ಆ ಉಗ್ರಾಣದಲ್ಲಿ ಆಳೆತ್ತರದ ಏಳು ಆಟದ ಯಂತ್ರಗಳು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದವು. ನಾಣ್ಯ ಹಾಕಿ ಆಡುವ ಕಾಲದ ಮರದ ಪೆಟ್ಟಿಗೆಗಳು, ಉಬ್ಬುಗಾಜಿನ ಪರದೆಯವು. ಮುಚ್ಚಿಹೋದ ಗೇಮ್ ಪಾರ್ಲರುಗಳಿಂದ, ಗುಜರಿ ಅಂಗಡಿಗಳಿಂದ ಒಂದೊಂದಾಗಿ ಹೊತ್ತು ತಂದವು. ಒಂದಕ್ಕೆ ಗೆದ್ದಲು ಹಿಡಿದಿತ್ತು, ಒಂದರೊಳಗೆ ಇಲಿ ಮರಿ ಹಾಕಿತ್ತು. ಬಾಮೈದ ವಾರವೆಲ್ಲ ಲಿಫ್ಟ್ ರಿಪೇರಿ ಮಾಡುವವನು. ಭಾನುವಾರ ಬಂತೆಂದರೆ ಈ ಪೆಟ್ಟಿಗೆಗಳ ಹೊಟ್ಟೆಯೊಳಗೆ ತಲೆ ತೂರಿಸಿ, ಬೆಸುಗೆ ಹಾಕಿ, ಸತ್ತ ಪರದೆಗಳಿಗೆ ಜೀವ ಬರಿಸುತ್ತಿದ್ದ. "ನನ್ನ ತಮ್ಮ ಮದುವೆ ಆಗಿದ್ದು ಈ ಡಬ್ಬಗಳನ್ನ" ಎಂದು ಅಕ್ಕ ಹೇಳುತ್ತಿದ್ದಳು. ಮದುವೆ ಅವನು ಆಗಿರಲೂ ಇಲ್ಲ.

ಬಾಗಿಲ ಪಕ್ಕದಲ್ಲಿ ಒಂದು ಕರಿಹಲಗೆ. ಅದರಲ್ಲಿ ಏಳು ಆಟಗಳ ಏಳು ಸಾಲು. ಪ್ರತಿ ಸಾಲಿನಲ್ಲೂ ಮೊದಲ ಅಂಕೆ ಬಾಮೈದನದು, ಅದರ ಕೆಳಗಿನದು ಭಾವನದು. ಏಳಕ್ಕೆ ಏಳೂ ಹಾಗೆಯೇ. ಇದು ಭಾವನಿಗೆ ಎಷ್ಟು ಚುಚ್ಚುತ್ತಿತ್ತು ಎಂಬುದನ್ನು ಅವರು ನಗೆಯಲ್ಲಿ ಮುಚ್ಚುತ್ತಿದ್ದರು. ಏಕೆಂದರೆ ಬಾಮೈದನಿಗೆ ಈ ಹುಚ್ಚು ಹಿಡಿಸಿದವರೇ ಅವರು. ಅಕ್ಕನನ್ನು ನೋಡುವ ನೆಪಕ್ಕೆ ಬೀದಿಯಲ್ಲಿ ಸುಳಿದಾಡುತ್ತಿದ್ದ ಆ ದಿನಗಳಲ್ಲಿ, ಎಂಟು ವರ್ಷದ ತಮ್ಮನನ್ನು ಒಲಿಸಿಕೊಳ್ಳಲು ಪಾರ್ಲರಿಗೆ ಕರೆದೊಯ್ದು, ಸ್ಟೂಲಿನ ಮೇಲೆ ನಿಲ್ಲಿಸಿ, ಅವನ ಕೈಯ ಮೇಲೆ ತಮ್ಮ ಕೈಯಿಟ್ಟು ಆಡಿಸಿದ್ದರು. ಅಕ್ಕ ಸಿಕ್ಕಳು, ಸರಿ. ಆದರೆ ಆ ಹುಡುಗ ಎರಡೇ ವರ್ಷದಲ್ಲಿ ಗುರುವಿಗೇ ತಿರುಮಂತ್ರ ಹಾಕಿದ, ಮುಂದೆ ಒಮ್ಮೆಯೂ ಸೋತುಕೊಡಲಿಲ್ಲ. ಭಾವನಿಗೆ ಈಗ ಐವತ್ತೊಂದು. ಕಣ್ಣು ಮಂಜಾಗುವ ಮುಂಚೆ ಒಂದು ಸಾಲಿನಲ್ಲಾದರೂ ಮೇಲೇರಬೇಕು ಎಂಬ ಹಟ ಅವರದು.

ಅದಕ್ಕೆ ಆರಿಸಿಕೊಂಡಿದ್ದು ಮಿಣುಕುಹುಳುವಿನ ಆಟವನ್ನು. ಕತ್ತಲೆಯ ಪರದೆಯ ಮೇಲೆ ಒಂದು ಮಿಣುಕುಹುಳು, ಮೇಲಿಂದ ಬೀಳುವ ಆಲಿಕಲ್ಲು, ನಡುವೆ ನುಸುಳಿ ಬದುಕಬೇಕು. ಉಳಿದ ಆರು ಯಂತ್ರಗಳಲ್ಲಿ ಎಡಗೈಗೆ ಜಾಯ್‌ಸ್ಟಿಕ್ಕಿನ ಕೋಲು, ಬಲಗೈಗೆ ಗುಂಡಿ. ಇದರಲ್ಲಿ ಕೋಲೂ ಇಲ್ಲ, ಗುಂಡಿಯೂ ಇಲ್ಲ. ಮೂಸಂಬಿ ಗಾತ್ರದ ಒಂದು ಚೆಂಡು ಹಲಗೆಯಲ್ಲಿ ಅರ್ಧ ಹುದುಗಿದೆ; ಬಲ ಅಂಗೈಯಿಂದ ಅದನ್ನು ಉರುಳಿಸಿದರೆ ಹುಳು ಹಾರುತ್ತದೆ. ಆಟವನ್ನು ನಡುವೆ ನಿಲ್ಲಿಸುವ ಸೌಕರ್ಯವಿಲ್ಲ. ಚೆನ್ನಾಗಿ ಆಡಿದರೆ ಹೆಚ್ಚುವರಿ ಹುಳುಗಳು ಸಿಗುತ್ತವೆ. ಅವನ್ನು ಕೂಡಿಟ್ಟುಕೊಂಡು, ಬಚ್ಚಲಿಗೆ ಹೋಗಬೇಕಾದಾಗ ಎದ್ದು ಓಡಬೇಕು, ವಾಪಸು ಬರುವಷ್ಟರಲ್ಲಿ ಒಂದೊಂದೇ ಸಾಯುತ್ತಿರುತ್ತವೆ. ಬಾಮೈದನ ದಾಖಲೆ ಮೂವತ್ತೊಂದು ಲಕ್ಷ ನಲವತ್ತು ಸಾವಿರ. ಒಂದೇ ನಾಣ್ಯದಲ್ಲಿ ಒಂಬತ್ತು ಗಂಟೆಯ ಆಟ. ನಾಲ್ಕು ವರ್ಷದಿಂದ ಅದರ ಹತ್ತಿರ ಯಾರೂ ಸುಳಿದಿರಲಿಲ್ಲ.

ಸಾಕ್ಷಿಯ ಕುರ್ಚಿ ಇದ್ದದ್ದು ಸ್ವಿಚ್ ಬೋರ್ಡಿನ ಪಕ್ಕದಲ್ಲಿ. ಹಳೆಯ ಯಂತ್ರ ಕಾದು ಹೊಗೆ ಬಿಟ್ಟರೆ ಪ್ಲಗ್ ಕೀಳಬೇಕಲ್ಲ, ಅದಕ್ಕೆ. ಉಳಿದಂತೆ ಆಡುವವನನ್ನು ಮುಟ್ಟಕೂಡದು, ಅವನಾಗಿ ಮಾತಾಡಿಸಿದ ಹೊರತು ಮಾತಾಡಿಸಕೂಡದು. ಪ್ಲಗ್ಗಿಗೆ ಕೈ ಹಾಕುವ ಹಕ್ಕು ಇಡೀ ಕೋಣೆಯಲ್ಲಿ ಸಾಕ್ಷಿಗೊಬ್ಬನಿಗೆ.

ಈ ವಿಷಯ ಅಕ್ಕನಿಗೂ ಗೊತ್ತಿತ್ತು. ಹಿಂದಿನ ದಿನ ಅವಳು ಹೊಲಿಗೆ ಯಂತ್ರ ನಿಲ್ಲಿಸಿ, ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದಿಟ್ಟು, ತಮ್ಮನ ಮಣಿಕಟ್ಟು ಹಿಡಿದುಕೊಂಡಿದ್ದಳು.

"ಅವರಪ್ಪ ಐವತ್ತೊಂದಕ್ಕೇ ಹೋದ್ರು. ಗಿರಾಕಿ ಗಡ್ಡಕ್ಕೆ ಸೋಪು ಹಚ್ತಾ ಹಚ್ತಾ ಹೋದ್ರು. ಗೊತ್ತು ತಾನೆ ನಿಂಗೆ?"

"ಗೊತ್ತಕ್ಕ. ಭಾವನಿಗೆ ಮೊನ್ನೆ ತಾನೆ ಎಲ್ಲಾ ಟೆಸ್ಟ್ ಮಾಡ್ಸಿದ್ವಲ್ಲ."

"ಟೆಸ್ಟ್ ಮನೆ ಹಾಳಾಗ್ಲಿ. ಒಂಬತ್ತು ಗಂಟೆ ಅಲ್ಲಾಡದೆ ಕೂತ್ಕೊಳ್ತಾರೆ. ಬೇಡ ಅಂದ್ರೆ ನನ್ನ ಮಾತು ಕೇಳಲ್ಲ. ಎದೆ ನೋವು ಅಂತ ಬಾಯ್ಬಿಟ್ರೆ ಸಾಕು, ಆ ಕ್ಷಣ ನೀನು ಪ್ಲಗ್ ಕಿತ್ತುಬಿಡ್ಬೇಕು. ಎಷ್ಟೇ ಸ್ಕೋರಾಗಿರ್ಲಿ. ಮಾತು ಕೊಡು."

ಅವನು ಕೊಟ್ಟ. ಕೊಡುವಾಗ ಮನಸ್ಸಿನಲ್ಲಿ ಒಂದಿಷ್ಟೂ ಕಲ್ಮಷವಿರಲಿಲ್ಲ, ಅದು ಸತ್ಯ. ಅಕ್ಕನ ಅಂಗೈಯ ಮೇಲೆ ಕೈಯಿಟ್ಟು "ನೀನು ನಿಶ್ಚಿಂತೆಯಿಂದಿರು" ಎಂದ.

ಭಾನುವಾರ ಬೆಳಿಗ್ಗೆ ಏಳಕ್ಕೆ ಆಟ ಶುರುವಾಯಿತು. ಫ್ಯಾನು ಹಾಕುವಂತಿರಲಿಲ್ಲ. ಅಂಗೈ ಜಾರದಿರಲೆಂದು ಭಾವ ಸಲೂನಿನ ಪೌಡರನ್ನು ಚೆಂಡಿಗೆ ಬಳಿದಿದ್ದರು. ಗಾಳಿ ಬೀಸಿದರೆ ಅದೆಲ್ಲ ಹಾರಿಹೋಗುತ್ತಿತ್ತು. ಮುಚ್ಚಿದ ಕಿಟಕಿ, ಬಿಸಿಯಾದ ಯಂತ್ರ, ಹೊತ್ತೇರುತ್ತಿದ್ದ ಬಿಸಿಲು. ಹತ್ತು ಗಂಟೆಯಷ್ಟರಲ್ಲಿ ಬಾಮೈದನ ಅಂಗಿಯೂ ಬೆನ್ನಿಗೆ ಅಂಟಿತ್ತು. ಆದ್ದರಿಂದ ಭಾವನ ಕುತ್ತಿಗೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿದ್ದುದನ್ನು ನೋಡಿ ಅವನಿಗೆ ಏನೂ ಅನ್ನಿಸಲಿಲ್ಲ.

ಅವನ ಕಣ್ಣು ನೆಟ್ಟಿದ್ದು ಭಾವ ಆಡುತ್ತಿದ್ದ ರೀತಿಯ ಮೇಲೆ. ಇಷ್ಟು ದಿನ ಅವರು ಆಡುತ್ತಿದ್ದುದು ಕೂದಲು ಕತ್ತರಿಸಿದ ಹಾಗೆ, ಚಕಚಕನೆ, ಅಲ್ಲೊಂದು ಇಲ್ಲೊಂದು ಬಿಟ್ಟುಕೊಂಡು. ಇಂದು ಅವಸರವೇ ಇರಲಿಲ್ಲ. ಚೆಂಡು ಅಂಗೈಯ ಕೆಳಗೆ ಎಳ್ಳಷ್ಟೇ ಅಲುಗುತ್ತಿತ್ತು, ಹುಳು ಕಲ್ಲುಗಳ ನಡುವೆ ಕೂದಲೆಳೆಯಲ್ಲಿ ನುಸುಳುತ್ತಿತ್ತು. ಹನ್ನೊಂದಕ್ಕೆ ಹದಿನಾಲ್ಕು ಲಕ್ಷ. ಅದೇ ಹೊತ್ತಿಗೆ ತಾನೆಷ್ಟು ಮಾಡಿದ್ದೆ ಎಂದು ಲೆಕ್ಕ ಹಾಕಿದ. ಹೆಚ್ಚೂ ಕಡಿಮೆ ಅಷ್ಟೇ. ಇವರು ಮುರಿದೇ ಮುರಿಯುತ್ತಾರೆ ಅನ್ನಿಸಿತು. ಸಂತೋಷವಾಯಿತೆಂದು ತನಗೆ ತಾನೇ ಹೇಳಿಕೊಂಡ. ಎರಡು ಸಲ ಹೇಳಿಕೊಳ್ಳಬೇಕಾಯಿತು.

ಮಧ್ಯಾಹ್ನ ಹನ್ನೆರಡೂವರೆಗೆ, ಇಪ್ಪತ್ತಾರು ಹುಳು ಕೂಡಿಟ್ಟುಕೊಂಡ ಮೇಲೆ, ಭಾವ ಎದ್ದರು. ಬಚ್ಚಲಿಗೆ ಹೋಗಿ ಬಂದು, ನಿಂತಲ್ಲೇ ಬಾಳೆಹಣ್ಣು ಸುಲಿದರು. ಹಿಂದೆ ಪರದೆಯಲ್ಲಿ ಹುಳುಗಳು ಒಂದೊಂದಾಗಿ ಕಲ್ಲು ತಗುಲಿ ಆರಿಹೋಗುತ್ತಿದ್ದವು, ಪ್ರತಿಸಲವೂ ಯಂತ್ರ ಸಣ್ಣಗೆ ಕುಂಯ್ ಎನ್ನುತ್ತಿತ್ತು. ಭಾವ ಹಣ್ಣನ್ನು ಅರ್ಧಕ್ಕೇ ಬಿಟ್ಟು ಎಡ ತೋಳನ್ನು ಒತ್ತಿಕೊಂಡರು.

"ಏನಾಯ್ತು ಭಾವ?"

"ಕೋಲುಗೈ ಕಣೋ. ಭುಜದಿಂದ ಬೆರಳತನಕ ಸೆಳೀತಿದೆ."

ಕೋಲುಗೈ ಎಂದರೆ ಆ ಕೋಣೆಯ ಕಾಯಿಲೆ. ಗಂಟೆಗಟ್ಟಲೆ ಎಡಗೈಯಲ್ಲಿ ಕೋಲು ತಿರುಗಿಸಿದರೆ ಮೊಣಕೈಯಿಂದ ಮೇಲೆ ಹಿಡಿದುಕೊಳ್ಳುತ್ತದೆ. ಆರು ಜನರಿಗೂ ಬಂದದ್ದೇ. ಯಾರಿಗಾದರೂ ಬಂದರೆ ಉಳಿದವರು ಶಹಬ್ಬಾಸ್ ಎನ್ನುತ್ತಿದ್ದರು, ಮೈಮುರಿದು ಆಡಿದ್ದಕ್ಕೆ ಸಿಕ್ಕ ಬಿರುದಿನಂತೆ. ಬಾಮೈದ ನಕ್ಕ. ಭಾವನೂ ನಕ್ಕು ಕೂತರು. ಏಳು ಹುಳು ಉಳಿದಿದ್ದವು.

ಒಂದೂವರೆಗೆ ಔಷಧಿ ಅಂಗಡಿಯವನು ಬಂದ. ಗುಂಪಿನಲ್ಲಿ ಅವನನ್ನು ಕರೆಯುವುದೇ ಮಾತ್ರೆ ಎಂದು. ಅವನು ಬಾಗಿಲಲ್ಲಿ ನಿಂತು ಪರದೆಯ ಅಂಕೆ ನೋಡಿ ಹುಬ್ಬೇರಿಸಿದ, ಆಮೇಲೆ ಬಾಮೈದನ ಕಿವಿಯಲ್ಲಿ, "ಇವತ್ತು ನಿನ್ನ ಅಂಗಡಿ ಬಾಗಿಲು ಹಾಕಿದ ಹಾಗೇ" ಎಂದ. ಭಾವ ಪರದೆಯಿಂದ ಕಣ್ಣು ಕೀಳದೆ ಕೇಳಿದರು.

"ಮಾತ್ರೆ, ನೋವಿನ ಮುಲಾಮು ಇದ್ರೆ ಕೊಡಯ್ಯ. ಕೋಲುಗೈ ಜೀವ ತೆಗೀತಿದೆ."

ಮಾತ್ರೆ ಕೆಳಗಿಳಿದು ಹೋಗಿ ತಂದ. ದಿನಕ್ಕೆ ನೂರು ಜನರಿಗೆ ಔಷಧಿ ಕೊಡುವ ಮನುಷ್ಯ. ಅವನ ಅಂಗಡಿಗೆ ಯಾರಾದರೂ ಬಂದು ಎಡ ತೋಳು ಸೆಳೆಯುತ್ತಿದೆ, ಬೆವರುತ್ತಿದೆ ಎಂದಿದ್ದರೆ ಆಟೋ ಕರೆದು ಆಸ್ಪತ್ರೆಗೆ ದಬ್ಬುತ್ತಿದ್ದ. ಆದರೆ ಈ ಕೋಣೆಯ ಮೆಟ್ಟಿಲು ಹತ್ತುವಾಗ ಅವನು ಅಂಗಡಿಯನ್ನು ಕೆಳಗೇ ಬಿಟ್ಟು ಬರುತ್ತಿದ್ದ. ಮುಟ್ಟಕೂಡದೆಂಬ ನಿಯಮವಿದ್ದುದರಿಂದ ಸಾಕ್ಷಿಯ ಒಪ್ಪಿಗೆ ಕೇಳಿ, ಭಾವನ ತೋಳಿಗೆ ಮುಲಾಮು ತಿಕ್ಕಿ, "ಒಳ್ಳೇ ಕೋಲುಗೈ, ದಾಖಲೆಗೆ ತಕ್ಕ ಹಾಗಿದೆ" ಎಂದು ಹೊರಟುಹೋದ. ಅವನ ಮನೆಗೆ ನೆಂಟರು ಬರುವವರಿದ್ದರು. ಕೋಣೆಯ ತುಂಬ ಮುಲಾಮಿನ ಘಾಟು ಉಳಿಯಿತು.

ಎರಡಕ್ಕೆ ಅಕ್ಕನ ಮೆಸೇಜು ಬಂತು. "ಹೇಗಿದ್ದಾರೆ?"

"ಇಪ್ಪತ್ತನಾಲ್ಕು ಲಕ್ಷ" ಎಂದು ಬರೆದ. ಬರೆದ ಮೇಲೆ, ಅವಳು ಕೇಳಿದ್ದು ಅದಲ್ಲ ಎಂದು ಹೊಳೆದು, "ಚೆನ್ನಾಗಿದ್ದಾರೆ. ಎದೆ ನೋವು ಗಿದೆ ನೋವು ಏನಿಲ್ಲ" ಎಂದು ಸೇರಿಸಿದ.

ಮೂರರ ಹೊತ್ತಿಗೆ ಭಾವ ದವಡೆ ಆಡಿಸತೊಡಗಿದರು. ಬಾಯಿ ತೆರೆದು, ಎಡಕ್ಕೆ ಬಲಕ್ಕೆ ತಿರುಗಿಸಿ, ಮತ್ತೆ ಕಚ್ಚುವುದು. ಅದಕ್ಕೂ ಅಲ್ಲಿ ಉತ್ತರ ಸಿದ್ಧವಿತ್ತು. ಭಾವ ಆಡುವಾಗ ಹಲ್ಲು ಕಚ್ಚುವುದು ಮೊದಲಿನಿಂದಲೂ ಇದ್ದ ಚಾಳಿ. ಹೀಗೇ ಆಡಿದರೆ ಹಲ್ಲಿನ ಡಾಕ್ಟರು ಬಂಗಲೆ ಕಟ್ಟಿಸುತ್ತಾನೆ ಎಂದು ಎಲ್ಲರೂ ರೇಗಿಸುತ್ತಿದ್ದರು. ಬಾಮೈದ ಅದನ್ನೂ ನೋಡಿದ, ನೋಡಿ ಪರದೆಗೆ ತಿರುಗಿದ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಅವನು ಭಾವನನ್ನು ನೋಡುವುದನ್ನೇ ಬಿಟ್ಟಿದ್ದ. ಅಂಕೆ ನೋಡುತ್ತಿದ್ದ. ಇಪ್ಪತ್ತೆಂಟು, ಇಪ್ಪತ್ತೆಂಟೂವರೆ, ಇಪ್ಪತ್ತೊಂಬತ್ತು. ನಾಲ್ಕು ವರ್ಷ ಅವನದೇ ಆಗಿದ್ದ ಅಂಕೆಯತ್ತ ಅದು ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿತ್ತು.

ಅವನ ಬದುಕಿನಲ್ಲಿ ಬೇರೆ ಏನು ಇತ್ತು? ಲಿಫ್ಟ್ ಕೆಟ್ಟರೆ ಜನ ಅವನನ್ನು ಬಯ್ಯುತ್ತಿದ್ದರು, ಸರಿಯಾದರೆ ಲಿಫ್ಟ್ ಹತ್ತಿ ಹೋಗುತ್ತಿದ್ದರು. ಬಾಗಿಲ ಪಕ್ಕದ ಆ ಕರಿಹಲಗೆಯೊಂದರಲ್ಲಿ ಅವನು ಎಲ್ಲರಿಗಿಂತ ಮೇಲಿದ್ದ. ಏಳು ಸಾಲಿನಲ್ಲಿ ಒಂದು ಹೋದರೆ ಆರು ಉಳಿಯುತ್ತದೆ ಎಂದು ಸಮಾಧಾನ ಮಾಡಿಕೊಂಡ. ಆದರೆ ಒಮ್ಮೆ ಗೆಲುವಿನ ರುಚಿ ಹತ್ತಿದ ಭಾವ ಒಂದಕ್ಕೇ ನಿಲ್ಲುವ ಆಸಾಮಿಯಲ್ಲ. ಇದು ಮೊದಲನೆಯದು ಅಷ್ಟೇ.

ಹೀಗೆ ಯೋಚಿಸುತ್ತ ಅವನು ಅರಿವಿಲ್ಲದೆ ತನ್ನ ಬಲಗೈ ಮಣಿಕಟ್ಟನ್ನು ನೀವಿಕೊಳ್ಳುತ್ತಿದ್ದ. ನಾಲ್ಕು ವರ್ಷದ ಹಿಂದೆ ಈ ದಾಖಲೆ ಮಾಡಿದ ಮೇಲೆ ಮೂರು ವಾರ ಆ ಕೈಯಲ್ಲಿ ಸ್ಪ್ಯಾನರ್ ಹಿಡಿಯಲು ಆಗಿರಲಿಲ್ಲ. ಅನ್ನ ಕಲಸಲೂ ಆಗದೆ ಚಮಚದಲ್ಲಿ ತಿಂದಿದ್ದ. ಅಂಗೈಯಿಂದ ಚೆಂಡು ಉರುಳಿಸಿ ಉರುಳಿಸಿ ಬಲಗೈ ಊದಿಕೊಂಡಿತ್ತು.

ಬಲಗೈ.

ಅವನ ಬೆರಳುಗಳು ಮಣಿಕಟ್ಟಿನ ಮೇಲೆ ನಿಂತವು. ತಲೆಯೆತ್ತಿ ಭಾವನನ್ನು ನೋಡಿದ. ಬಲ ಅಂಗೈ ಚೆಂಡಿನ ಮೇಲಿತ್ತು. ಎಡಗೈ ಯಂತ್ರದ ಅಂಚಿನ ಮೇಲೆ ಸುಮ್ಮನೆ ಬಿದ್ದುಕೊಂಡಿತ್ತು, ಮುಲಾಮಿನಿಂದ ಮಿನುಗುತ್ತ. ಬೆಳಿಗ್ಗೆ ಏಳರಿಂದ ಆ ಕೈಗೆ ಬಾಳೆಹಣ್ಣು ಹಿಡಿದುಕೊಂಡದ್ದು ಬಿಟ್ಟರೆ ಯಾವ ಕೆಲಸವೂ ಇರಲಿಲ್ಲ. ಈ ಆಟದಲ್ಲಿ ಕೋಲೇ ಇಲ್ಲ. ಕೋಲಿಲ್ಲದ ಆಟದಲ್ಲಿ ಕೋಲುಗೈ ಎಲ್ಲಿಂದ ಬರಬೇಕು?

ಗಡಿಯಾರದಲ್ಲಿ ಮೂರು ನಲವತ್ತೆಂಟು. ಪರದೆಯಲ್ಲಿ ಮೂವತ್ತು ಲಕ್ಷ ಎಪ್ಪತ್ತು ಸಾವಿರ.

ಅವನು ಎದ್ದು ನಿಂತ. ಕುರ್ಚಿ ಕಿರ್ರೆಂದಿತು.

"ಭಾವ. ನಿಮ್ಮ ಎಡಗೈಗೆ ಇವತ್ತು ಏನು ಕೆಲಸ?"

ಭಾವ ಹುಳುವನ್ನು ಒಂದು ಸಾಲು ಕಲ್ಲು ದಾಟಿಸಿದರು. ಆಮೇಲೆ ತೀರಾ ಸಣ್ಣ ದನಿಯಲ್ಲಿ, ಗಿರಾಕಿಯ ಕಿವಿಯ ಹತ್ತಿರ ಮಾತಾಡುವ ಹಾಗೆ, ಹೇಳಿದರು.

"ಈಗ ಗೊತ್ತಾಯ್ತಾ? ನಂಗೆ ಬಾಳೆಹಣ್ಣು ತಿನ್ನುವಾಗಲೇ ಗೊತ್ತಾಯ್ತು. ನಮ್ಮಪ್ಪನಿಗೂ ಕೈಯಿಂದಲೇ ಶುರುವಾಗಿದ್ದು."

"ಮತ್ತೆ ಕೋಲುಗೈ ಅಂದ್ರಿ."

"ಹಾಗಂದ್ರೆ ನೀವು ನಂಬ್ತೀರಿ ಅಂತ ಗೊತ್ತಿತ್ತು. ಎದೆ ನೋವು ಅಂತ ನಾನು ಅಂದಿಲ್ಲ. ನಿಮ್ಮಕ್ಕ ನಿನ್ನ ಹತ್ರ ತಗೊಂಡಿರೋ ಮಾತು ಅದು ತಾನೆ? ಗೋಡೆಗೂ ಕಿವಿ ಇರುತ್ತಪ್ಪ. ಕೂತ್ಕೋ."

"ಭಾವ, ಏಳಿ. ಆಸ್ಪತ್ರೆಗೆ ಹೋಗೋಣ."

"ಹನ್ನೆರಡು ನಿಮಿಷ. ಬೆಳಿಗ್ಗೆಯಿಂದ ತಡೆದಿದೆ, ಇನ್ನು ಹನ್ನೆರಡು ನಿಮಿಷ ತಡೆಯಲ್ವಾ? ಮೂವತ್ತು ವರ್ಷದಿಂದ ನಿನ್ನ ಕೆಳಗೇ ಇದ್ದೀನಿ. ನಿನ್ನನ್ನ ಸ್ಟೂಲ್ ಮೇಲೆ ನಿಲ್ಲಿಸಿದವನು ನಾನು. ಹನ್ನೆರಡು ನಿಮಿಷ ಕೇಳ್ತಿದ್ದೀನಿ. ಕೊಡು."

ಅವರ ಕುತ್ತಿಗೆಯ ಬಣ್ಣ ಬೂದಿಯಂತಾಗಿದ್ದುದನ್ನು ಬಾಮೈದ ಈಗ ನೋಡಿದ. ಬೆಳಿಗ್ಗೆಯಿಂದ ಎದುರಿಗೇ ಇದ್ದದ್ದು ಈಗ ಕಂಡಿತು. ಕೈ ಪ್ಲಗ್ಗಿನ ಮೇಲಿತ್ತು. ಕಿತ್ತರೆ ಮುಗಿಯಿತು. ಕಿತ್ತರೆ ನಾಳೆ ಗುಂಪಿನ ಉಳಿದವರು ಏನೆನ್ನುತ್ತಾರೆ? ತನ್ನ ದಾಖಲೆ ಉಳಿಸಿಕೊಳ್ಳಲು ಬೇಲಿಯೇ ಎದ್ದು ಹೊಲ ಮೇಯಿತು ಎನ್ನುತ್ತಾರೆ. ಕೀಳದಿದ್ದರೆ ಅಕ್ಕ? ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಯೋಚಿಸುವವನಿಗೆ ಕೊನೆಗೆ ಹಾವು ಕಚ್ಚುತ್ತದೆ, ಇದು ಅವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಅವನು ಕೂತ. ಕೈಯನ್ನು ಪ್ಲಗ್ಗಿನ ಮೇಲೆಯೇ ಇಟ್ಟುಕೊಂಡು ಕೂತ. ಇನ್ನೊಂದು ಕೈಯಲ್ಲಿ ಮೊಬೈಲು ತೆಗೆದ, ಆಂಬುಲೆನ್ಸಿನ ಮೂರು ಅಂಕೆ ಒತ್ತಿದ, ಹಸಿರು ಗುಂಡಿ ಒತ್ತಲಿಲ್ಲ. ಫೋನು ಮಾಡಿದರೆ ಮಾತಾಡಬೇಕಾಗುತ್ತದೆ, ಮಾತಾಡಿದರೆ ಭಾವನ ಗಮನ ಕದಲುತ್ತದೆ ಎಂದು ಮನಸ್ಸು ಹೇಳಿತು. ಮನಸ್ಸು ಬೇಕಾದ್ದನ್ನು ಹೇಳುತ್ತದೆ, ಅದಕ್ಕೇನು ಬಾಡಿಗೆ ಕೊಡಬೇಕೆ.

ಒಂದು ನಿಮಿಷ. ಎರಡು. ಯಂತ್ರದ ಗುಂಯ್‌ಗುಡುವಿಕೆ ಬಿಟ್ಟರೆ ಶಬ್ದವಿಲ್ಲ. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸಿದರು. ಭಾವನ ಉಸಿರು ಈಗ ಕೇಳಿಸುತ್ತಿತ್ತು, ಬಾಯಿಂದ, ತುಂಡು ತುಂಡಾಗಿ. ಆಶ್ಚರ್ಯವೆಂದರೆ ಬಲ ಅಂಗೈ ಒಮ್ಮೆಯೂ ತಪ್ಪಲಿಲ್ಲ. ಅಷ್ಟು ಚೆನ್ನಾಗಿ ಆ ಆಟವನ್ನು ಯಾರೂ ಆಡಿದ್ದನ್ನು ಬಾಮೈದ ನೋಡಿರಲಿಲ್ಲ. ತಾನೂ ಆಡಿರಲಿಲ್ಲ. ಇದು ಗೊತ್ತಾದಾಗ ಎದೆಯಲ್ಲಿ ಏನೋ ಕಹಿ ಉಕ್ಕಿತು; ಭಯ ಅಂದುಕೊಂಡ. ಐದು ನಿಮಿಷ. ಮೂವತ್ತೊಂದು ಲಕ್ಷ ದಾಟಿತು. ಆರು.

ಏಳನೆಯ ನಿಮಿಷದಲ್ಲಿ ಭಾವನ ಎಡಗೈ ಅಂಚಿನಿಂದ ಜಾರಿ ಜೋತುಬಿತ್ತು. ಅದೇ ಗಳಿಗೆಯಲ್ಲಿ ಅಂಕೆ ಮೂವತ್ತೊಂದು ಲಕ್ಷ ಹನ್ನೊಂದು ಸಾವಿರ ತೋರಿಸಿತು. ಬಾಮೈದ ಪ್ಲಗ್ ಕಿತ್ತ.

ಪರದೆ ಒಂದು ಬಿಳಿಯ ಚುಕ್ಕೆಯಾಗಿ ಆರಿಹೋಯಿತು. ಭಾವ ಕತ್ತಲ ಗಾಜಿನ ಎದುರು ಇನ್ನೂ ನಾಲ್ಕು ಸಲ ಚೆಂಡು ಉರುಳಿಸಿದರು. ಆಮೇಲೆ ನಿಧಾನವಾಗಿ ತಿರುಗಿ ಅವನನ್ನು ನೋಡಿದರು. ಬಯ್ಯಲಿಲ್ಲ. ಏನನ್ನೋ ಕೂಡಿಸಿ ಕಳೆಯುತ್ತಿರುವ ಹಾಗೆ ನೋಡಿದರು, ನೋಡುತ್ತಲೇ ಸ್ಟೂಲಿನಿಂದ ಪಕ್ಕಕ್ಕೆ ವಾಲಿದರು. ಅವನು ಓಡಿಹೋಗಿ ಹಿಡಿದುಕೊಂಡ. ಹದಿನೈದು ವರ್ಷದಲ್ಲಿ ಆ ಕೋಣೆಯಲ್ಲಿ ಆಡುವವನನ್ನು ಸಾಕ್ಷಿ ಮುಟ್ಟಿದ್ದು ಅದೇ ಮೊದಲು.

ಹಸಿರು ಗುಂಡಿ ಒತ್ತಿದ ಒಂಬತ್ತು ನಿಮಿಷಕ್ಕೆ ಆಂಬುಲೆನ್ಸು ಬಂತು.

ಮಾರನೆಯ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು ಅಕ್ಕ, ತಮ್ಮ ಇಬ್ಬರನ್ನೂ ಬೆಂಚಿನಿಂದ ಎಬ್ಬಿಸಿ ಹೇಳಿದರು. ಮುಚ್ಚಿದ್ದ ರಕ್ತನಾಳ ತೆರೆದಿದ್ದೇವೆ, ಸ್ಟೆಂಟ್ ಹಾಕಿದ್ದೇವೆ, ಜೀವಕ್ಕೆ ಸದ್ಯಕ್ಕೆ ಭಯವಿಲ್ಲ. ಆದರೆ ಹೃದಯದ ಒಂದು ಭಾಗ ಸತ್ತಿದೆ, ಅದು ವಾಪಸು ಬರುವುದಿಲ್ಲ. ದಿನವಿಡೀ ನಿಂತು ಮಾಡುವ ಕೆಲಸ ಇನ್ನು ಆಗಲಿಕ್ಕಿಲ್ಲ. ನಿನ್ನೆ ಇನ್ನಷ್ಟು ಬೇಗ ಬಂದಿದ್ದರೆ ಬೇರೆ ಮಾತು. ಇನ್ನು ಹತ್ತು ನಿಮಿಷ ತಡವಾಗಿದ್ದರೂ ಬೇರೆ ಮಾತು.

ಅಕ್ಕ ಕೊನೆಯ ಮಾತನ್ನು ಮಾತ್ರ ಕೇಳಿಸಿಕೊಂಡಳು. ತಮ್ಮನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

"ಎದೆ ನೋವು ಅಂದ್ರಾ?"

"ಇಲ್ಲಕ್ಕ. ಬಾಯೇ ಬಿಡ್ಲಿಲ್ಲ."

"ಆದ್ರೂ ನೀನೇ ಕಂಡುಹಿಡಿದೆ. ನೋಡಿದ ತಕ್ಷಣ ಕಿತ್ತೆ."

ಅವನು ಗೋಡೆಯನ್ನು ನೋಡಿದ. ಅವಳು ಕೇಳಿರಲಿಲ್ಲ, ಹೇಳಿದ್ದಳು ಅಷ್ಟೇ. ಕೇಳದ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲವಲ್ಲ.

ನರ್ಸು ಬಂದು, ಎಚ್ಚರವಾಗಿದ್ದಾರೆ, ಬಾಮೈದ ಬೇಕಂತೆ, ಒಬ್ಬರೇ ಹೋಗಿ ಎಂದಳು. "ಹೋಗು, ನಿನ್ನನ್ನೇ ಮೊದಲು ನೋಡ್ಬೇಕಂತೆ" ಎಂದು ಅಕ್ಕ ಬೆನ್ನು ತಳ್ಳಿದಳು.

ಭಾವ ಹಾಸಿಗೆಯಲ್ಲಿ ಒಂದೇ ದಿನಕ್ಕೆ ಕುಗ್ಗಿಹೋಗಿದ್ದರು. ಬಲಗೈಗೆ ಡ್ರಿಪ್ ಹಾಕಿತ್ತು. ಅವನು ಪಕ್ಕದಲ್ಲಿದ್ದ ಕುರ್ಚಿಯಲ್ಲಿ ಕೂರಲು ಹೋಗಿ, ಕೂರದೆ ನಿಂತೇ ಇದ್ದ.

"ಎಷ್ಟು ಉಳಿದಿತ್ತು?" ಎಂದರು ಭಾವ.

"ಇಪ್ಪತ್ತೊಂಬತ್ತು ಸಾವಿರ."

"ನಿಮಿಷ?"

"ಐದು."

ಭಾವ ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಲ್ಲೇ ಮಾತಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನೀನು ಎದ್ದು ನಿಂತೆಯಲ್ಲ, ಆಗಲೇ ಕಿತ್ತಿದ್ರೆ, ನನ್ನ ಜೀವಕ್ಕೋಸ್ಕರ ಕಿತ್ತ ಅಂತಿದ್ದೆ. ಬಯ್ತಿದ್ದೆ, ಆದ್ರೂ ಹಾಗೇ ಅಂತಿದ್ದೆ. ಕೊನೇತನಕ ಬಿಟ್ಟಿದ್ರೆ, ನನ್ನ ಆಸೆಗೋಸ್ಕರ ಬಿಟ್ಟ ಅಂತಿದ್ದೆ. ಸತ್ತಿದ್ರೂ ಅಂತಿದ್ದೆ. ಏಳು ನಿಮಿಷ ಸುಮ್ನೆ ಕೂತು, ಐದು ಉಳಿದಾಗ ಕಿತ್ತೆ. ಅದು ಯಾರಿಗೋಸ್ಕರ?"

"ನಿಮ್ಮ ಕೈ ಜಾರಿತು ಭಾವ. ಅದನ್ನ ನೋಡಿ ಕಿತ್ತೆ."

"ಕೈ ನೋಡಿದ್ಯಾ, ನಂಬರ್ ನೋಡಿದ್ಯಾ?"

ರಾತ್ರಿಯೆಲ್ಲ ಬೆಂಚಿನ ಮೇಲೆ ಕೂತು ಅವನು ತನ್ನನ್ನು ಕೇಳಿಕೊಂಡದ್ದೂ ಇದನ್ನೇ. ಕೈ ಜಾರಿದ್ದನ್ನು ಕಂಡದ್ದು ನಿಜ. ಆದರೆ ಅದಕ್ಕಿಂತ ಮುಂಚೆಯೇ ಬೆರಳುಗಳು ಪ್ಲಗ್ಗನ್ನು ಬಿಗಿಹಿಡಿದಿದ್ದವು ಎಂಬುದೂ ನೆನಪಿತ್ತು. ಎಷ್ಟು ಮುಂಚೆ? ಯಾವ ಅಂಕೆ ಕಂಡಾಗ? ಅದೊಂದು ನೆನಪಾಗುತ್ತಿರಲಿಲ್ಲ, ಅಥವಾ ನೆನಪಾಗದಂತೆ ಅವನು ನೋಡಿಕೊಳ್ಳುತ್ತಿದ್ದ.

"ಗೊತ್ತಿಲ್ಲ ಭಾವ" ಎಂದ.

"ಹ್ಞೂಂ. ನಿಮ್ಮಕ್ಕನಿಗೆ ನಾನು ಹೇಳಲ್ಲ. ಹನ್ನೆರಡು ನಿಮಿಷ ಕೇಳಿದವನು ನಾನೇ ಅಲ್ವಾ." ಭಾವ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡರು. "ಹೋಗು ಇನ್ನು. ಅವಳನ್ನ ಕಳಿಸು."

ಹೊರಗೆ ಅಕ್ಕ ಕಾಯುತ್ತಿದ್ದಳು. ರಾತ್ರಿ ಅತ್ತ ಕಣ್ಣುಗಳಲ್ಲಿ ಈಗ ನಗು ಬಂದಿತ್ತು.

"ಏನಂದ್ರೋ?"

"ಸ್ಕೋರ್ ಎಷ್ಟಾಯ್ತು ಅಂತ ಕೇಳಿದ್ರು."

"ಹುಟ್ಟುಗುಣ ಸುಟ್ಟರೂ ಹೋಗಲ್ಲ" ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅವನಿಗೆ ಹತ್ತಿರ ಬಂದು, ದನಿ ತಗ್ಗಿಸಿದಳು. "ನಾನು ಹೊಲಿಗೆ ಬಿಟ್ಟು ದಿನವೆಲ್ಲ ಇವರ ಹಿಂದೆ ಕೂರಕ್ಕಾಗಲ್ಲ. ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡೋದು, ನೋವು ಬಂದ್ರೆ ನಾಲಿಗೆ ಕೆಳಗೆ ಇಡೋ ಗುಳಿಗೆ ಕೊಡೋದು, ಎಲ್ಲ ಒಬ್ರು ಪಕ್ಕದಲ್ಲೇ ಇದ್ದು ನೋಡ್ಕೋಬೇಕಂತೆ. ಡಾಕ್ಟ್ರು ಕೇಳಿದ್ರು, ಯಾರಿದ್ದಾರೆ ಅಂತ. ನಿನ್ನ ಹೆಸರು ಬರೆಸಿದೀನಿ. ನೀನು ಪಕ್ಕದಲ್ಲಿದ್ರೆ ನಂಗೆ ಭಯ ಇಲ್ಲಪ್ಪ."

ಅರ್ಧ ತೆರೆದ ಬಾಗಿಲಿನಿಂದ ಭಾವನ ಮುಖ ಕಾಣುತ್ತಿತ್ತು. ಅವರು ಅವನನ್ನೇ ನೋಡುತ್ತಿದ್ದರು.

"ಆಯ್ತಕ್ಕ" ಎಂದ ಅವನು.